ಸೇರಿಗೆ ಉಬ್ಬಿದ ಹಿಟ್ಟು

“ಕಳ್ ಮುಂಡೆ, ಬಿಚ್ಚೇ ಆ ಸೆರಗಿನ ಗಂಟು! ಕಾಲು ಕಿಲೊ ಹಿಟ್ಟು ಎಲ್ಲಿ ತುರುಕ್ಕೊಂಡಿದ್ದೀಯಾ?”

ಮೆಸ್ಸಿನ ಒಡೆಯ ಶ್ರೀಕಂಠಯ್ಯನ ಕೂಗಿಗೆ, ಊಟಕ್ಕೆ ಕೂತಿದ್ದ ಬ್ಯಾಂಕಿನವರು ಎಲೆಯ ಮೇಲೆ ಇನ್ನಷ್ಟು ಬಗ್ಗಿದರು. ರತ್ನ ಗಂಟು ಬಿಚ್ಚಿ ಕೊಡವಿದಳು. ಒಂದು ಅಡಿಕೆ ಹೋಳು ಬಿತ್ತು.

“ಇನ್ನೆಂತ ಬಿಚ್ಚಬೇಕು ಧಣಿ? ರವಿಕೆಯಾ?”

ಜಂತಿಯಿಂದ ಇಳಿಬಿಟ್ಟ ತಕ್ಕಡಿಯ ಪಕ್ಕ ನಿಂತಿದ್ದ ಅಡಿಗೆಯ ಕಮಲಾಕ್ಷ ತಲೆ ಎತ್ತಲಿಲ್ಲ. ಅವಳೂ ಅವನೂ ಕಾಸರಗೋಡಿನ ಕಡೆಯಿಂದ ತಿರುವನಂತಪುರಕ್ಕೆ ಹೊಟ್ಟೆಪಾಡಿಗೆ ಬಂದವರು. ಮೆಸ್ಸಿನ ಅಕ್ಕಿ ಒಯ್ದು ತೊಳೆದು, ಕುಟ್ಟಿ, ಹುರಿದು ತರುವುದು ಅವಳ ಕೆಲಸ. ಸೇರಿನ ಪಾತ್ರೆಯಲ್ಲಿ ಅಳೆದು ನಾಲ್ಕು ಸೇರು ಅಕ್ಕಿ ಕೊಟ್ಟರೆ ನಾಲ್ಕು ಸೇರು ಹಿಟ್ಟು ವಾಪಸು. ಕುಟ್ಟಿದ ಅಕ್ಕಿ ಉಬ್ಬಿ ಮಿಗುವ ಒಂದೂವರೆ ಸೇರೇ ಕೂಲಿ. ಅದೇ ಮಕ್ಕಳ ರಾತ್ರಿಯ ಗಂಜಿ. ಬೇರೆ ಬಿಡಿಗಾಸಿಲ್ಲ. ಎಷ್ಟು ಮಿಗುತ್ತದೆಂದು ಒಡೆಯ ಅದುವರೆಗೆ ಕೇಳಿದವನಲ್ಲ.

ಹೋದ ವಾರ ಶ್ರೀಕಂಠಯ್ಯ ಬೇಸರ ಕಳೆಯಲು, “ಲೇ, ಆ ರತ್ನನ ಥರ ಮಾಡಿ ತೋರ್ಸೋ” ಅಂದಿದ್ದ. ಕಮಲಾಕ್ಷ ತಲೆಗೆ ಟವೆಲು ಹೊದ್ದು, ಸೊಂಟಕ್ಕೆ ಕೈಯಿಟ್ಟು, ಅವಳದೇ ಮೂಗಿನ ರಾಗದಲ್ಲಿ ಎಳೆದಿದ್ದ: “ಧಣಿಗೆ ನಾಲ್ಕು ಸೇರು, ನಂಗೆ ಒಂದೂವರೆ. ಅಕ್ಕಿ ಬಸುರಾದ್ರೆ ಬಾಣಂತನ ನಂದಲ್ವಾ ಮಾರಾಯ್ರೆ?”

ಶ್ರೀಕಂಠಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅವನಿಗೊಂದು ಕಾಫಿ ಕೊಡಿಸಿದ. ಮರುದಿನ ಚಾಲೈ ಪೇಟೆಯಿಂದ ತಕ್ಕಡಿ ಬಂತು. “ಇನ್ಮೇಲೆ ಸೇರಿಲ್ಲ, ಕಿಲೊ. ಸರ್ಕಾರದ ಹುಕುಂ. ನಾಲ್ಕು ಹೋದ್ರೆ ನಾಲ್ಕೇ ಬರ್ಬೇಕು.”

ಇವತ್ತು ರತ್ನ ಹೆದರಿ, ಮಿಕ್ಕಿದ್ದನ್ನೂ ಮನೆಯಲ್ಲಿಡದೆ ಅಷ್ಟೂ ತಂದು ಸುರಿದಿದ್ದಳು. ಆದರೂ ತಕ್ಕಡಿಯಲ್ಲಿ ಹಿಟ್ಟಿನ ತಟ್ಟೆ ಮೇಲೇ ನಿಂತಿತ್ತು.

“ಹುರಿದದ್ದಲ್ವಾ ಧಣಿ, ಪಸೆ ಆರಿತು. ಕುಟ್ಟುವಾಗ ಹಾರಿದ್ದು ಹಾರಿತು. ಸೇರಲ್ಲಿ ಅಳೆದು ನೋಡಿ, ಅಕ್ಕಿಗಿಂತ ಹೆಚ್ಚೇ ಉಂಟು.”

“ಸೇರು ಸತ್ತೋಯ್ತು ಕಣೇ. ಕಮ್ಮಿ ಬಿದ್ದಿದ್ದಕ್ಕೆ ನಾಳೆ ಪುಗಸಟ್ಟೆ ಕುಟ್ಟು.”

“ಇವತ್ತಿನ ಕೂಲಿಗೆ ಎಂತ ಕೊಟ್ರಿ?”

“ಬಾಯ್ಮುಚ್ಚು! ಲೇ ಕಮಲಾಕ್ಷ, ತೂಕ ಕೂಗೋ. ಇವ್ಳ ಕಳ್ಳತನ ಎಲ್ರಿಗೂ ಕೇಳ್ಲಿ.”

ಕಮಲಾಕ್ಷ ಹಿಟ್ಟಿನ ಮೇಲೆ ಅಂಗೈಯಿಟ್ಟು ಅದುಮಿದ. ತಟ್ಟೆ ಇಳಿಯಿತು, ತೂಕದ ಕಲ್ಲುಗಳು ಮೇಲೆದ್ದವು.

“ಸರಿ ಉಂಟು,” ಅಂದ.

“ಕೈ ತೆಗ್ಯೋ ಬೋಳಿಮಗನೇ!”

ತೆಗೆಯಲಿಲ್ಲ.

“ಅವತ್ತು ಬಾಯಿ ಮುಚ್ಚಿದ್ರೆ ಸಾಕಿತ್ತು,” ರತ್ನ ಅವನಿಗಷ್ಟೇ ಕೇಳುವಂತೆ ಅಂದಳು. ಅವಳು ಮೂಲೆಯಲ್ಲಿ ಬಿದ್ದಿದ್ದ ಸೇರನ್ನು ಎತ್ತಿಕೊಂಡು ಬಂದಳು. ಅವನ ಬೆರಳುಗಳ ಪಕ್ಕದಿಂದಲೇ ಹಿಟ್ಟು ಬಾಚಿ ಒಂದು ಸೇರು ತುಂಬಿ ತನ್ನ ಬುಟ್ಟಿಗೆ ಸುರಿದಳು. ಮತ್ತೆ ಅರ್ಧ ಸೇರಿಗೆ ಕೈ ಹಾಕಿದಳು.

ಶ್ರೀಕಂಠಯ್ಯ ಸೌದೆ ಎತ್ತಿಕೊಂಡು ಬರುತ್ತಿದ್ದ. ತಟ್ಟೆ ಹಗುರಾದಷ್ಟೂ ಕಮಲಾಕ್ಷ ಇನ್ನೂ ಬಲವಾಗಿ ಅದುಮಿದ. ರತ್ನ ಅವನ ಮುಖ ನೋಡಲಿಲ್ಲ.