ಕೈ ತೂರುವಷ್ಟು ಸಂದು

ಆ ಬೀದಿಯವರಿಗೆ ಪರರ ಮನೆಯ ಉಸಾಬರಿ ಎಂದರೆ ಪ್ರಾಣ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಗಂಡ ಮುನಿಸಿಕೊಂಡು ಅಡುಗೆಮನೆಯಲ್ಲಿ ಮಲಗುತ್ತಾನೆ, ಎಲ್ಲ ಬೇಕು. ಅದೇ ಬೀದಿಯ ವೆಲ್ಡರ್‌ಗೆ ಇದು ಕಂಡರಾಗದು. ಆದರೆ ಬೆಳಗಿನ ಜಾವ ಭೂಮಿ ನಡುಗಿ ಮನೆಗಳೆಲ್ಲ ಕುಸಿದಾಗ ಆ ಹಾಳು ಉಸಾಬರಿಯೇ ಜೀವ ಉಳಿಸಿತು. "ಅಜ್ಜ ಮಂಚದ ಮೇಲೆ ಮಲಗಲ್ಲ, ಕಿಟಕಿ ಹತ್ರ ಅಗೀರಿ!" ಎಂದು ಒಬ್ಬರು ಕೂಗಿದರೆ ನಾಲ್ಕು ಜನ ಅಲ್ಲಿಗೆ ನುಗ್ಗುತ್ತಿದ್ದರು. ಹೊರಗಿನಿಂದ ಒಂದು ಗಾಡಿ ಬರುವ ಮೊದಲೇ ಅರ್ಧ ಬೀದಿ ಉಸಿರಾಡುತ್ತ ಹೊರಬಂದಿತ್ತು.

ವೆಲ್ಡರ್ ರಾತ್ರಿ ಪಾಳಿಯಿಂದ ಓಡಿ ಬಂದಾಗ ಮನೆಯಿದ್ದ ಜಾಗದಲ್ಲಿ ಇಟ್ಟಿಗೆ ರಾಶಿ. ಅವನಿಗೆ ಇದ್ದವಳು ಅಮ್ಮ ಒಬ್ಬಳೇ.

"ಅಮ್ಮನ ಕೋಣೆ ಇಲ್ಲಿ. ಇಲ್ಲೇ ಅಗೀರಿ!"

ಪಕ್ಕದ ಮನೆಯ ದರ್ಜಿ ಹೆಂಗಸು ಮುರಿದ ಕೈಯನ್ನು ಎದೆಗೊತ್ತಿಕೊಂಡು ಬಂದಳು. "ಅಲ್ಲಿಲ್ಲಪ್ಪ. ಹಿತ್ತಲಲ್ಲಿ, ತಗಡಿನ ಕೆಳಗಿದ್ದಾಳೆ. ದನಿ ಕೇಳ್ತಿದೆ. ಬೇಗ ಬಾ."

ವೆಲ್ಡರ್‌ಗೆ ರೇಗಿತು. ಬಚ್ಚಲ ನೀರಿನ ಜಗಳವಾದಾಗ ಎರಡು ಹಿತ್ತಲುಗಳ ನಡುವೆ ಆಳೆತ್ತರದ ತಗಡು ನಿಲ್ಲಿಸಿದವನು ಅವನೇ. ಅಲ್ಲಿಯವರೆಗೆ ಅವಳು 'ಚಿಕ್ಕಮ್ಮ'; ಆಮೇಲೆ 'ಆ ಹೆಂಗಸು'. ಅಮ್ಮನಿಗೂ ಅಪ್ಪಣೆಯಾಗಿತ್ತು: ಅವಳ ಜೊತೆ ಮಾತು ಕೂಡದು.

"ನಮ್ಮಮ್ಮ ನಿಮ್ಮ ಜೊತೆ ಮಾತು ಬಿಟ್ಟು ಯಾವ ಕಾಲ ಆಯ್ತು! ಈ ಹೊತ್ತಲ್ಲಿ ಹಿತ್ತಲಲ್ಲಿ ಅವಳಿಗೇನು ಕೆಲಸ? ನನ್ನ ಮನೆ ವಿಷಯ ನನಗೆ ಗೊತ್ತಿಲ್ವಾ?"

ಎಲ್ಲ ಕಡೆಯಿಂದಲೂ ಯಾರದೋ ದನಿ ಕೇಳುತ್ತಲೇ ಇತ್ತು. ಮಗನೇ ಎದುರು ನಿಂತು ಹೇಳುವಾಗ ಪಕ್ಕದ ಮನೆಯವಳ ಮಾತು ಯಾರು ಕೇಳುತ್ತಾರೆ? ಜನ ಕೋಣೆಯ ಕಡೆಗೇ ಅಗೆದರು. ದರ್ಜಿ ಒಬ್ಬಳೇ ಹಿತ್ತಲಿಗೆ ಹಿಂತಿರುಗಿದಳು.

ಕೊನೆಗೆ ಅಮ್ಮನ ಮಂಚ ಸಿಕ್ಕಿತು. ಅದರ ಮೇಲೆ ಮಡಿಸಿಟ್ಟ ಹೊದಿಕೆ, ಅಷ್ಟೆ. ವೆಲ್ಡರ್ ಎದ್ದು ಬಿದ್ದು ಹಿತ್ತಲಿಗೆ ಓಡಿದ. ತಗಡು ಓರೆಯಾಗಿ ಒರಗಿತ್ತು, ಅದರ ಮೇಲೆ ಗೋಡೆ ಬಿದ್ದಿತ್ತು. ಆಚೆ ಬದಿಯಲ್ಲಿ ದರ್ಜಿ ನೆಲಕ್ಕೆ ಮಲಗಿ, ಸಂದಿನೊಳಗೆ ಕೈ ಚಾಚಿದ್ದಳು.

"ಈಗಷ್ಟೇ ಸುಮ್ಮನಾದ್ಲು," ಎಂದಳು. ಕೈ ಮಾತ್ರ ಬಿಡಲಿಲ್ಲ.

ಎಲ್ಲರೂ ಸೇರಿ ತಗಡು ಎತ್ತಿದರು. ಅಮ್ಮನ ಒಂದು ಕೈ ದರ್ಜಿಯ ಕೈಯಲ್ಲಿತ್ತು. ಇನ್ನೊಂದರ ಮುಷ್ಟಿ ಬಿಡಿಸಿದರೆ ಎರಡು ಬೋಲ್ಟ್. ತಗಡಿಗೆ ಅವನೇ ಬಿಗಿದ ಬೋಲ್ಟ್. ದಿನಾ ಅವನು ಪಾಳಿ ಮುಗಿಸಿ ಮನೆಗೆ ಬರುವ ಮೊದಲು ಅಮ್ಮ ಅವನ್ನು ಬಿಚ್ಚಿ, ತಗಡಿನ ಮೂಲೆ ಸರಿಸಿ, ಗೆಳತಿಯ ಜೊತೆ ಹರಟಿ, ಮತ್ತೆ ಯಥಾಪ್ರಕಾರ ತಿರುಗಿಸಿಡುತ್ತಿದ್ದಳು. ತನ್ನ ಕೆಲಸದಲ್ಲಿ ಒಂದು ಕೂದಲಷ್ಟೂ ಸಡಿಲವಿಲ್ಲ ಎಂದು ಬೀಗುತ್ತಿದ್ದವನಿಗೆ ಅದು ಗೊತ್ತೇ ಆಗಿರಲಿಲ್ಲ.

ಊರಾಚೆಯ ಬಯಲಿನಲ್ಲಿ ಉಳಿದವರೆಲ್ಲ ಟಾರ್ಪಾಲಿನಡಿ ಸೇರಿದರು. ಒಂದೇ ಒಲೆ, ಇದ್ದದ್ದರಲ್ಲೇ ಹಂಚಿ ಊಟ. ವೆಲ್ಡರ್ ಮೂಲೆ ಹಿಡಿದು ಕೂತ. ಎಲ್ಲದಕ್ಕೂ ಮೂಗು ತೂರಿಸುವ ಬೀದಿ ಅದೊಂದು ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅದರ ಬದಲು ಅವಶೇಷದಡಿಯಿಂದ ಅವನ ವೆಲ್ಡಿಂಗ್ ಸಾಮಾನು ಹುಡುಕಿ ತಂದು ಮುಂದಿಟ್ಟರು.

"ಮಳೆ ಬರೋದ್ರೊಳಗೆ ಸೂರು ಆಗ್ಬೇಕು. ಏಳಪ್ಪ," ಎಂದ ಎದುರು ಮನೆಯ ಕ್ಷೌರಿಕ.

ಅವನು ಎದ್ದ. ಆ ತಗಡನ್ನೇ ಕತ್ತರಿಸಿ ಮೊದಲ ಸೂರನ್ನು ದರ್ಜಿಗೆ ಹಾಕಿಕೊಟ್ಟ. ಮಧ್ಯಾಹ್ನ ಅವಳು ಕಟ್ಟು ಹಾಕಿದ ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದರಲ್ಲಿ ತಟ್ಟೆ ತಂದಳು.

"ಅಮ್ಮ ಕೊನೆಗೆ ಏನಂದ್ಲು?"

"ಮೊದಲು ಊಟ ಮಾಡು."

"ಹೇಳಿ, ಚಿಕ್ಕಮ್ಮ."

ಆ ಕರೆ ಕೇಳಿ ಅವಳು ತಟ್ಟೆಯನ್ನು ಅವನ ಮುಂದಿಟ್ಟು ಪಕ್ಕದಲ್ಲಿ ಕೂತಳು.

"'ನಿನ್ನ ಮಗನನ್ನ ಕರೀತೀನಿ ಇರು' ಅಂದೆ. 'ಬೇಡ, ಬೇರೆ ಯಾರನ್ನಾದ್ರೂ ಕರಿ' ಅಂದ್ಲು. 'ನಾನು ಇಲ್ಲಿಗೆ ಬರ್ತೀನಿ ಅಂತ ಗೊತ್ತಾದ್ರೆ ಬೈತಾನೆ' ಅಂದ್ಲು."

ವೆಲ್ಡರ್ ತುತ್ತು ಬಾಯಿಗಿಟ್ಟ. ಅದನ್ನೇ ಅಗಿಯುತ್ತ ಕೂತ. ಚಿಕ್ಕಮ್ಮ ನೀರಿನ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿ ಅಲ್ಲೇ ಕೂತಿದ್ದಳು.