ಹೂಬಿಡದ ಬ್ಯಾಂಕ್ಸಿಯಾ

ತೀರಿಕೊಂಡ ಹೆಂಡತಿ ಸುವರ್ಣಾಳ ಎದೆಯ ಮೇಲೆ ಗುಲಾಬಿ ಗುಚ್ಛ ಇಡಲು ಬಗ್ಗಿದ ತ್ರಿವೇಣಿಯ ಕೈಯನ್ನು ಸಚ್ಚಿದಾನಂದ ತಡೆದ.

"ಗುಲಾಬಿ ಬ್ಯಾಡ. ಅಕಿಗೆ ಸೇರ್ತಿದ್ದಿಲ್ಲ."

ತ್ರಿವೇಣಿ ಪೆಚ್ಚಾದಳು. ಶಾಲೆಯ ಸ್ಟಾಫ್‌ರೂಮಿನಲ್ಲಿ ಸುವರ್ಣಾಳ ಪಕ್ಕ ಕೂರುತ್ತಿದ್ದವಳು. ಮೊನ್ನೆ ಪಾಠದ ನಡುವೆ ಎದೆ ಹಿಡಿದು ಕುಸಿದ ಸುವರ್ಣಾಳನ್ನು ಆಸ್ಪತ್ರೆಗೆ ಒಯ್ದವಳೂ ಅವಳೇ.

"ಹೂವಂದ್ರ ಜೀವಾ ಬಿಡ್ತಿದ್ರಲ್ರೀ, ನಮ್ಮ ಬಾಟನಿ ಟೀಚರ್," ಎಂದಳು.

"ಎಲ್ಲಾ ಹೂವಲ್ಲ. ಒಂದೇ ಒಂದು. ಬ್ಯಾಂಕ್ಸಿಯಾ."

ಯಾರಿಗೂ ಅರ್ಥವಾಗಲಿಲ್ಲ. ಆಸ್ಟ್ರೇಲಿಯಾದ ಹೂವು, ಬಾಟಲಿ ತೊಳೆಯುವ ಬ್ರಶ್ಶಿನಂತೆ ನೆಟ್ಟಗೆ ನಿಲ್ಲುತ್ತದೆ ಎಂದು ವಿವರಿಸಹೋದ. ಹೆಂಡತಿಯ ಹೆಣದ ಮುಂದೆ ನಿಂತು ಬ್ರಶ್ಶಿನ ಮಾತಾಡುತ್ತಿದ್ದೇನೆ ಎನಿಸಿ ಅರ್ಧಕ್ಕೇ ನಿಲ್ಲಿಸಿದ. ಆಫೀಸಿನ ಸುಭಾಸ ಕಿವಿಯ ಬಳಿ ಬಂದು, "ಬ್ಯಾಂಕಿನ ಕೆಲಸ ನಾಳೆ ನೋಡೋಣ್ರಿ ಸರ, ಈಗ ಗಾಡಿ ಬಂದದ," ಎಂದ.

ಸಚ್ಚಿದಾನಂದನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ನುಂಗಿಕೊಂಡ.

*

೨೦೦೩ರ ರಜೆಯಲ್ಲಿ ತಂಗಿಯ ಮನೆಗೆಂದು ಪರ್ತ್‌ಗೆ ಹೋದಾಗ ಸುವರ್ಣಾ ಆ ಹೂವನ್ನು ಮೊದಲು ಕಂಡಳು. ಕಾಡ್ಗಿಚ್ಚು ಹಾದುಹೋದ ಮರಳದಿಬ್ಬ. ಕರಕಲಾದ ಕಾಯಿಗಳು ಬಾಯಿ ತೆರೆದು ಬೀಜ ಉದುರಿಸಿದ್ದವು. ಬೆಂಕಿ ಮುಟ್ಟದ ಪೊದೆಗಳಲ್ಲಿ ಹಳದಿ ಹೂಗಳು ಮೇಣದಬತ್ತಿಗಳ ಹಾಗೆ ನಿಂತಿದ್ದವು. ಕಾರಿನಲ್ಲಿ ಕೂತ ಗಂಡ ಹಾರ್ನ್ ಬಾರಿಸುತ್ತಲೇ ಇದ್ದ; ಅವಳು ಕದಲಲಿಲ್ಲ.

ತಾವಿರುವ ಮಸ್ಕತ್ತಿನದೂ ಮರಳೇ ತಾನೆ, ಇಲ್ಲೇಕೆ ಬೆಳೆಯಬಾರದು ಎಂಬುದು ಅವಳ ಹಟ. ಬೀಜ ತರಿಸಿ ವಾದಿ ಅದಾಯ್ ಬಡಾವಣೆಯ ಬಾಡಿಗೆಮನೆಯ ಅಂಗಳದಲ್ಲಿ ನೆಟ್ಟಳು. ಮೊದಲ ಸಸಿಗಳು ಸಚ್ಚಿದಾನಂದ ಅಕ್ಕರೆಯಿಂದ ಹಾಕಿದ ಗೊಬ್ಬರಕ್ಕೇ ಸತ್ತವು.

"ಇದಕ್ಕ ಉಪಕಾರ ಮಾಡಬ್ಯಾಡ್ರೀ," ಎಂದಿದ್ದಳು. "ಬಡ ಮಣ್ಣಿನ ಗಿಡ. ಬೇರು ಮುಟ್ಟಿದ್ರೂ ಸಾಯ್ತದ."

ಕೊನೆಗೆ ಒಂದು ಉಳಿಯಿತು. ಗರಗಸದ ಹಲ್ಲಿನಂಥ ಎಲೆ ಬಿಟ್ಟು ಸೊಂಟದೆತ್ತರ ಬೆಳೆಯಿತು, ಹೂ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳು ತುದಿಯ ಎಲೆಗಳನ್ನು ಸರಿಸಿ ನೋಡುವಳು. ಈ ಸಲ ಖಂಡಿತ ಬಿಡುತ್ತದೆ ಎಂದು ಪ್ರತಿ ವರ್ಷವೂ ಹೇಳುವಳು. ನೀರು ಹಾಕುವವರಿಲ್ಲವೆಂದು ರಜೆಗೆ ಧಾರವಾಡಕ್ಕೂ ಹೋಗದೆ ಕೂತಾಗ, ಕಿತ್ತೆಸೆಯುತ್ತೇನೆಂದು ಅವನು ಕೂಗಾಡಿದ್ದೂ ಉಂಟು.

*

ಸ್ಮಶಾನದಿಂದ ಮರಳುವಾಗ ಸಂಜೆಯಾಗಿತ್ತು. ಅಂಗಳ ಚೊಕ್ಕಟವಾಗಿತ್ತು. ಮನೆಯ ಮಾಲೀಕ, ಅರಬ ಮುದುಕ ಸೌದ, ಬಿಸಿಲಲ್ಲಿ ತಾನೇ ನಿಂತು ಚಾಪೆ ಹಾಸಿಸಿ, ಖರ್ಜೂರ, ಖಾವಾ ಕಾಫಿ ಇಡಿಸಿದ್ದ. ಬಂದವರ ಬಟ್ಟೆಗೆ ಸಿಕ್ಕೀತೆಂದು ಒಣಮುಳ್ಳನ್ನೆಲ್ಲ ಕೈಯಾರೆ ಕಿತ್ತೆ ಎಂದು ಮುದುಕ ಹಿಂದಿಯಲ್ಲಿ ಮೆಲ್ಲಗೆ ಹೇಳಿದ.

ಗೇಟಿನ ಬಳಿಯ ಕಸದ ರಾಶಿಯಲ್ಲಿ ಬ್ಯಾಂಕ್ಸಿಯಾ ಬೇರು ಮೇಲಾಗಿ ಬಿದ್ದಿತ್ತು.

ಸಚ್ಚಿದಾನಂದ ಕೂಗಾಡಲು ಬಾಯಿ ತೆರೆದ. ಬೆವರಿಗೆ ತೊಯ್ದ ಸೌದನ ಮುಖ ನೋಡಿ ಬಗ್ಗಿದ. ರಾಶಿಯಿಂದ ಗಿಡವನ್ನು ಎಳೆದುಕೊಂಡ. "ಯೇ ಉನ್ಕಾ ಥಾ," ಇದು ಅವಳದಾಗಿತ್ತು ಎಂದಷ್ಟೇ ಅಂದ.

ಸೌದ ಕೈಯಲ್ಲಿದ್ದ ಖಾವಾದ ಬಟ್ಟಲನ್ನು ಕೆಳಗಿಟ್ಟ.

ಮೊದಲು ಸ್ನಾನ ಮಾಡಬೇಕೆಂದು ತ್ರಿವೇಣಿ ಬಾಗಿಲಿನಿಂದ ಕರೆದಳು. ಸಚ್ಚಿದಾನಂದ ಕೇಳಿಸದವನಂತೆ ಮಂಡಿಯೂರಿ ಬೆರಳಿನಿಂದಲೇ ಗುಂಡಿ ತೋಡತೊಡಗಿದ. ಸೌದ ಬಿಳಿ ನಿಲುವಂಗಿಯ ತೋಳು ಮಡಚಿ ಎದುರಿಗೆ ಕೂತ. ಎರಡೂ ಕೈಯಿಂದ ಗಿಡವನ್ನು ನೆಟ್ಟಗೆ ಹಿಡಿದ. ಎಲೆಯ ಹಲ್ಲುಗಳು ಅವನ ಅಂಗೈಗೆ ಇಳಿಯುತ್ತಿದ್ದವು. ಸಚ್ಚಿದಾನಂದ ಬೊಗಸೆ ಬೊಗಸೆ ಮರಳು ತುಂಬಿ ಮುಗಿಸುವ ತನಕ ಸೌದ ಕೈ ಸಡಿಲಿಸಲಿಲ್ಲ.