ಮುಂದೆ ನಿಲ್ಲುವವರು

ಇದನ್ನು ಹೇಳುವಷ್ಟು ನಾನು ಓದಿದವನಲ್ಲ. ಧರ್ಮದ ವಿಚಾರದಲ್ಲಿ ಎಲ್ಲಾದರೂ ತಪ್ಪಿದರೆ ತಿಳಿದವರು ತಿದ್ದಬೇಕು, ಮನ್ನಿಸಬೇಕು.

ಮಗ ಅಪ್ಪನ ಬಲಭುಜದ ಮೇಲೆ ಚೊಂಬಿನ ನೀರು ಸುರಿಯುತ್ತಿದ್ದಾಗ ಹೊರಗೆ ಕಾರುಗಳು ನಿಂತ ಸದ್ದಾಯಿತು. ಅವನು ಕೈ ನಿಲ್ಲಿಸಲಿಲ್ಲ. ನೀರು ಉಗುರುಬೆಚ್ಚಗಿರಬೇಕು ಎಂದು ಶವ ತೊಳೆಯಲು ಬಂದಿದ್ದ ಹಿರಿಯರು ಹೇಳಿದ್ದರು. ಬೆಚ್ಚಗಿದೆಯೋ ಇಲ್ಲವೋ ಅವನ ಕೈಗೆ ತಿಳಿಯುತ್ತಿರಲಿಲ್ಲ. ಅಪ್ಪನ ಕಿವಿಯ ಹಿಂದೆ ಹತ್ತಿಯ ಎಳೆಯೊಂದು ಅಂಟಿಕೊಂಡಿತ್ತು. ಜೀವನವಿಡೀ ಹಾಸಿಗೆಗೆ ಹತ್ತಿ ತುಂಬಿ ಹೊಲಿದವರು; ಬೀದಿಗೆಲ್ಲ ಹತ್ತಿ ಮಾಮ.

"ಮಂತ್ರಿ ಬಂದ," ಎಂದರು ಬಾಗಿಲಾಚೆಯಿಂದ ಅತ್ತೆ, ಸತ್ತವರ ತಂಗಿ. "ನಾಲ್ಕು ಕಾರು. ಒಂದರಲ್ಲಿ ಅವನು, ಮೂರರಲ್ಲಿ ಅವನ ಭಯ."

ಬಿಳಿ ಬಟ್ಟೆ ಸುತ್ತಿ ಮುಗಿದ ಮೇಲೆ ಇಮಾಮರು ಮಗನನ್ನು ಅಂಗಡಿಯ ಮೂಲೆಗೆ ಕರೆದರು. ಹೊಲಿದಿಟ್ಟ ಹಾಸಿಗೆಗಳ ನಡುವೆ ಇಬ್ಬರಿಗೆ ನಿಲ್ಲುವಷ್ಟೇ ಜಾಗ.

"ನೋಡಪ್ಪ, ಸತ್ತವರ ನಮಾಜನ್ನ ಮುಂದೆ ನಿಂತು ನಡೆಸೋಕೆ ಆಡಳಿತ ಮಾಡೋರಿಗೇ ಮೊದಲ ಹಕ್ಕು ಅಂತ ಎಷ್ಟೋ ಪಂಡಿತರು ಬರೆದಿದ್ದಾರೆ. ಮಂತ್ರಿಗಳಂತೂ ನಿಮ್ಮಪ್ಪನ ಗೆಳೆಯರು ಬೇರೆ."

ಆ ಹಕ್ಕು ಮನೆಯವರದೇ ಎಂದು ಬರೆದವರೂ ಇದ್ದಾರೆ ಎಂದು ಅವರೇ ಸಣ್ಣ ದನಿಯಲ್ಲಿ ಸೇರಿಸಿದರು. ಸುಳ್ಳು ಹೇಳುವವರಲ್ಲ.

"ಅವರೇ ಕೇಳಿದ್ರಾ?"

"ಕೇಳಿಲ್ಲ. ಅಷ್ಟು ದೊಡ್ಡವರು ಬಾಯಿಬಿಟ್ಟು ಕೇಳೋ ಹಾಗೆ ನಾವು ಮಾಡಬಾರದು. ನಿನ್ನ ಕೆಲಸದ ವಿಷಯಾನೂ ಅವರ ಕಿವಿಗೆ ಹಾಕಿದೀನಿ."

ಮಗ ಬಸ್ ಕಂಡಕ್ಟರ್ ಆಗಿದ್ದ. ಜೈಲಿಗೆ ಹೋಗಿ ಬಂದ ಮೇಲೆ ಆ ಕೆಲಸ ಮತ್ತೆ ಸಿಗಲಿಲ್ಲ. ಅಪ್ಪನ ಜೊತೆ ಹತ್ತಿ ತುಂಬುತ್ತಿದ್ದ. ಅವನು ಹೊಲಿದ ಹಾಸಿಗೆಗಳು ಒಂದು ಕಡೆ ಉಬ್ಬುತ್ತಿದ್ದವು. ಈಗ ಅಪ್ಪನೂ ಇಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ಬದುಕಿರೋವರೆಗೂ ಅಣ್ಣ ಅವನ ಗೇಟು ಮುಟ್ಟಲಿಲ್ಲ. ಈಗ ಬೇಡ ಅನ್ನೋಕೆ ಬಾಯಿಲ್ಲ ಅಂತ ಅವನ ಕೈಗೆ ಒಪ್ಪಿಸ್ತೀರಾ?"

ಅಮ್ಮನನ್ನು ಕೇಳಿ ಬರುತ್ತೇನೆಂದು ಮಗ ಒಳಗೆ ಹೋದ.

*

ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಒಬ್ಬ ಹತ್ತಿ ಹಿಡಿದ, ಇನ್ನೊಬ್ಬ ಅಧಿಕಾರ ಹಿಡಿದ. ಗೆಳೆಯ ಮಂತ್ರಿಯಾದ ದಿನದಿಂದ ಅಪ್ಪ ಅವನ ಮನೆಗೆ ಹೋಗುವುದನ್ನು ಬಿಟ್ಟರು. ಅಧಿಕಾರದ ಬಾಗಿಲಿಗೆ ಹೋದವನು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆಂದು ಪ್ರವಾದಿಯವರು ಎಚ್ಚರಿಸಿದ್ದಾರೆ ಎನ್ನುತ್ತಿದ್ದರು. ಹಾಗೆಂದು ಗೆಳೆತನ ಬಿಡಲಿಲ್ಲ. ಮಂತ್ರಿಯೇ ಅಂಗಡಿಗೆ ಬರುತ್ತಿದ್ದ. ಹೊಸದಾಗಿ ತುಂಬಿದ ಹಾಸಿಗೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದ. "ಏಳೋ ಕುಳ್ಳ, ಸರ್ಕಾರ ಗೊರಕೆ ಹೊಡೀತಿದೆ ಅಂತ ಜನ ನಗ್ತಾರೆ," ಎಂದು ಅಪ್ಪ ಎಬ್ಬಿಸುತ್ತಿದ್ದರು.

"ಅವನು ಇಲ್ಲಿಗೆ ಬಂದ್ರೆ ಕುಳ್ಳ," ಎಂದು ಒಮ್ಮೆ ಅಮ್ಮನಿಗೆ ಹೇಳಿದ್ದರು. "ನಾನು ಅಲ್ಲಿಗೆ ಹೋದ್ರೆ ಅವನು ಮಂತ್ರಿ."

ಆಮೇಲೆ ಒಂದು ಚಳಿಗಾಲದಲ್ಲಿ ಬಸ್ ನೌಕರರ ಮುಷ್ಕರವಾಯಿತು. ಪೊಲೀಸರು ಮಗನನ್ನೂ ಅವನ ಜೊತೆಯವರನ್ನೂ ಹಿಡಿದುಕೊಂಡು ಹೋದರು. ಪೊಲೀಸ್ ಖಾತೆ ಆ ಗೆಳೆಯನದೇ. ಅಮ್ಮ ಪ್ರತಿ ಬೆಳಗ್ಗೆ ಅಪ್ಪನ ಚಪ್ಪಲಿಯನ್ನು ಬೀದಿಗೆ ಮುಖಮಾಡಿ ಇಡುತ್ತಿದ್ದಳು. ಅಪ್ಪ ಅದನ್ನು ಮೆಟ್ಟಿಕೊಂಡು ಮಸೀದಿಗೆ ಹೋಗಿ ಬರುತ್ತಿದ್ದರು, ಅಷ್ಟೆ.

"ನಾನು ಕೇಳಿದ್ರೆ ಇವನೊಬ್ಬ ಹೊರಗೆ ಬರ್ತಾನೆ. ಆಮೇಲೆ ಅವನು ಏನು ಮಾಡಿದ್ರೂ ತಪ್ಪು ಅನ್ನೋಕೆ ನನಗೆ ಬಾಯಿರಲ್ಲ."

"ಒಬ್ಬ ಬಂದ್ರೆ ಸಾಕು ನನಗೆ," ಎಂದಿದ್ದಳು ಅಮ್ಮ.

ಆ ಚಳಿಗಾಲದಲ್ಲಿ ಮಂತ್ರಿ ಒಂದೇ ಸಲ ಅಂಗಡಿಗೆ ಬಂದ. ಮಲಗಲಿಲ್ಲ, ಕೂತ. ಅಮ್ಮ ಪರದೆಯ ಹಿಂದಿದ್ದಳು. ಅಪ್ಪ ಸೂಜಿ ಕೆಳಗಿಟ್ಟು ಹೇಳಿದ್ದು ಇಷ್ಟು: "ನೀನು ಹಿಡಿಸಿರೋ ಹುಡುಗರು ಕಳ್ಳರಲ್ಲ. ಇದು ಅನ್ಯಾಯ. ದೇವರು ನಿನ್ನನ್ನೇ ಕೇಳ್ತಾನೆ."

"ನಿನಗೇನು ಬೇಕು, ಅದನ್ನು ಹೇಳು."

"ನನಗೇನೂ ಬೇಡ."

ಅಮ್ಮ ಪರದೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಮಂತ್ರಿ ಎದ್ದು ಹೋದವನು ಮತ್ತೆ ಬರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ನ್ಯಾಯಾಲಯ ಎಲ್ಲರನ್ನೂ ಬಿಟ್ಟಿತು. ನನ್ನ ಹೆಸರು ಒಂದು ಸಲ ಹೇಳಬಾರದಿತ್ತಾ ಎಂದು ಮಗ ಅಪ್ಪನನ್ನು ಕೇಳಲಿಲ್ಲ. ಪಕ್ಕಪಕ್ಕದಲ್ಲಿ ಕೂತು ವರ್ಷಗಟ್ಟಲೆ ಹತ್ತಿ ತುಂಬಿದರೂ ಕೇಳಲಿಲ್ಲ.

*

"ಯಾರು ಮುಂದೆ ನಿಲ್ಲಲಿ ಅಮ್ಮ?"

ಅಮ್ಮ ಗೋಡೆಗೆ ಒರಗಿದ್ದಳು. ಅತ್ತಿರಲಿಲ್ಲ. "ಆವತ್ತಾಗಿದ್ರೆ ನಾನೇ ಅವನ ಕಾಲು ಹಿಡೀತಿದ್ದೆ. ಇವತ್ತು ನನಗೆ ಅವನಿಂದ ಏನೂ ಬೇಕಾಗಿಲ್ಲ. ನಿನಗೆ ಬೇಕಾ, ನೋಡ್ಕೋ."

ಹೊರಗೆ ಮಂತ್ರಿ ಚಪ್ಪಲಿ ಬಿಟ್ಟು ನಿಂತಿದ್ದ. ಮುದುಕನಾಗಿದ್ದ. ಮಗನ ಕೈ ಹಿಡಿದುಕೊಂಡು, ಇಮಾಮರು ತನಗೆ ಮುಂದೆ ನಿಲ್ಲಲು ಹೇಳುತ್ತಿದ್ದಾರೆ ಎಂದ. ನಿಮ್ಮಪ್ಪ ಏನನ್ನೂ ಕೇಳದೆಯೇ ಹೋದ ಎಂದ. ಆಮೇಲೆ, "ನಿನ್ನ ಕೆಲಸದ್ದು ಗೊತ್ತಾಯ್ತು. ನಾಳೆ ಮನೆ ಹತ್ರ ಬಾ," ಎಂದ.

ಮಗನಿಗೆ ಸಿಟ್ಟು ಬರಲಿಲ್ಲ, ಸಂತೋಷವೂ ಆಗಲಿಲ್ಲ.

"ಸಾಲಲ್ಲಿ ಜಾಗ ಇದೆ ಮಾಮ, ಅಲ್ಲಿ ನಿಂತ್ಕೊಳ್ಳಿ. ಮುಂದೆ ನಾನು ನಿಲ್ತೀನಿ."

"ಮತ್ತೆ ನಾಳೆ?"

"ನಾಳೆ ಅಂಗಡಿ ತೆಗೀಬೇಕು."

ಮಂತ್ರಿ ಅವನ ಕೈ ಬಿಟ್ಟ. ಇಮಾಮರು ನೆಲ ನೋಡಿದರು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸಾಲು ಸರಿಮಾಡತೊಡಗಿದರು: ಭುಜಕ್ಕೆ ಭುಜ ಸೇರಿಸಿ, ನಡುವೆ ಸಂದು ಬಿಡಬೇಡಿ. ಹಾಗೆ ಸೇರಿಸುವಾಗ ಮಂತ್ರಿಯ ಬಲಕ್ಕೆ ಬಂದು ನಿಂತವನು ಬಸ್ ಡಿಪೋದ ಮೆಕ್ಯಾನಿಕ್. ಆ ಚಳಿಗಾಲ ಮಗನ ಜೊತೆಯಲ್ಲೇ ಒಳಗಿದ್ದವನು. ಅಲ್ಲಿ ಬಿದ್ದ ಏಟಿಗೆ ಅವನ ಎಡಗಿವಿ ಕಿವುಡಾಗಿತ್ತು.

ಮಗ ಅಪ್ಪನ ಎದುರು ನಿಂತ. ಈ ನಮಾಜಿನಲ್ಲಿ ಬಾಗುವುದಿಲ್ಲ, ನೆಲಕ್ಕೆ ಹಣೆ ಹಚ್ಚುವುದಿಲ್ಲ, ನಿಂತೇ ಮುಗಿಸಬೇಕು. ಕೊನೆಗೆ ಶಾಂತಿ ಕೋರಿ ಬಲಕ್ಕೆ ಮುಖ ತಿರುಗಿಸಿದ. ಪಕ್ಕದವರಿಗೂ ಶಾಂತಿ ಕೋರುವ ಗಳಿಗೆ ಅದು; ಅವನ ಹಿಂದೆ ಸಾಲುಗಳೆಲ್ಲ ಒಟ್ಟಿಗೆ ತಿರುಗಿದವು. ಮಂತ್ರಿಯೂ ತಿರುಗಿದ. ಮೆಕ್ಯಾನಿಕ್ ಕೂಡ ಬಲಕ್ಕೇ ತಿರುಗಿದ್ದರಿಂದ, ಮಂತ್ರಿಯ ಬಾಯಿಯ ಹತ್ತಿರ ಇದ್ದದ್ದು ಆ ಎಡಗಿವಿ.

ಮಂತ್ರಿ ಶಾಂತಿಯ ಮಾತನ್ನು ಬಾಯಿಬಿಟ್ಟು ಹೇಳಿದನೋ, ಸುಮ್ಮನೆ ಮುಖ ತಿರುಗಿಸಿದನೋ ಮೆಕ್ಯಾನಿಕ್‌ಗೆ ಕೇಳಿಸಲಿಲ್ಲ. ಮಗ ಹಿಂತಿರುಗಿ ನೋಡಿರಲಿಲ್ಲ. ನನಗೂ ಗೊತ್ತಿಲ್ಲ.